ಲೇಸಿನ ಶಾಲು ಮಾರಾಟಕ್ಕಿದೆ

ಅಂಗಡಿಯ ಬಾಗಿಲಲ್ಲಿ "ಸ್ಟಾಕ್ ಕ್ಲಿಯರೆನ್ಸ್ ಸೇಲ್" ಎಂಬ ಬ್ಯಾನರ್ ತೂಗಿದರೆ ಸಾಕು, ಒಳಗೊಮ್ಮೆ ಇಣುಕದೆ ಮುಂದೆ ಹೋಗಲು ಮನಸ್ಸು ಬಾರದು. ಆಷಾಢ ಬಂತೆಂದರೆ ನಮ್ಮ ಪೇಟೆಯ ಜವುಳಿ ಅಂಗಡಿಗಳೆಲ್ಲ ಇದೇ ಮಾತು ಹೇಳುತ್ತವೆ. ರಾಶಿ ಬಿದ್ದ ದುಪಟ್ಟಾಗಳ ನಡುವಿನಿಂದ ಲೇಸಿನ ಅಂಚಿರುವ ಒಂದನ್ನು ಹುಡುಕಿ ಎಳೆದು, ಅರ್ಧ ಬೆಲೆಗೆ ಮನೆಗೆ ತರುವ ಸಂತೋಷ ನಮ್ಮ ಸಹೋದರಿಯರಿಗೆ ಹೊಸತಲ್ಲ. ಅಂಗಡಿಯವನು ಹೀಗೆ ಬೆಲೆ ಇಳಿಸಿ ಮಾರಿದರೆ ಅದು ವ್ಯಾಪಾರದ ಜಾಣ್ಮೆ. ಆದರೆ ಅದೇ ಲೇಸು, ಅದೇ ಉಡುಪುಗಳನ್ನು ಕೊಂಡ ಹೆಂಗಸು ಮುಂದೊಂದು ದಿನ ಕೈ ಬರಿದಾಗಿ ಅವನ್ನು ಮಾರಲು ಹೊರಟರೆ ಜನ ಏನೆನ್ನುತ್ತಾರೆ?

ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಡ್‌ವೇ ಎಂಬ ಒಂದೇ ಬೀದಿಯಲ್ಲಿ, ಕೆಲವು ದಶಕಗಳ ಅಂತರದಲ್ಲಿ, ಈ ಎರಡೂ ಬಗೆಯ ಮಾರಾಟಗಳು ನಡೆದಿವೆ. ಮೊದಲನೆಯದನ್ನು ಮಾಡಿದವನು ಕೋಟ್ಯಧಿಪತಿಯಾದ. ಎರಡನೆಯದನ್ನು ಮಾಡಿದವಳು ಆ ದೇಶದ ಅಧ್ಯಕ್ಷನ ವಿಧವೆ. ಆಕೆಗೆ ದಕ್ಕಿದ್ದು ಅವಮಾನ ಮಾತ್ರ.

ಲೇಸಿನಿಂದ ಶುರುವಾದ ಅಂಗಡಿ

ಅಮೆರಿಕದವರು "ಡ್ರೈ ಗೂಡ್ಸ್" ಅಂಗಡಿ ಎನ್ನುತ್ತಿದ್ದುದು ದಿನಸಿ ಅಂಗಡಿಯನ್ನಲ್ಲ. ಥಾನು ಬಟ್ಟೆ, ನೂಲು, ರಿಬ್ಬನ್, ಲೇಸು, ಕೈಗವಸು, ಶಾಲು ಇತ್ಯಾದಿ ಮಾರುವ ಅಂಗಡಿಗೆ ಅಲ್ಲಿ ಆ ಹೆಸರು. ಇಂತಹ ಅಂಗಡಿಗಳಲ್ಲಿ ಅತ್ಯಂತ ಹೆಸರುವಾಸಿಯಾದುದು ಅಲೆಕ್ಸಾಂಡರ್ ಟರ್ನಿ ಸ್ಟೀವರ್ಟ್‌ನದು. ಆತ 1803ರಲ್ಲಿ ಐರ್ಲೆಂಡಿನ ಲಿಸ್ಬರ್ನ್‌ನಲ್ಲಿ ಹುಟ್ಟಿದವನು. ನ್ಯೂಯಾರ್ಕಿಗೆ ಬಂದ ಹೊಸತರಲ್ಲಿ ಕೆಲಕಾಲ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. (ಮೇಷ್ಟ್ರ ಕೆಲಸದಿಂದ ಹಣ ಕೂಡುವುದಿಲ್ಲವೆಂದು ಬಹುಬೇಗ ತಿಳಿದಿರಬೇಕು!) ಊರಿಗೆ ಮರಳಿ, ಪಿತ್ರಾರ್ಜಿತವಾಗಿ ಬಂದ ಹಣದಲ್ಲಿ ಐರಿಷ್ ಲೇಸು ಮತ್ತು ಲಿನನ್ ಬಟ್ಟೆಯನ್ನು ಕೊಂಡು, ಹಡಗಿನಲ್ಲಿ ತಂದು, 1823ರ ಸೆಪ್ಟೆಂಬರಿನಲ್ಲಿ ಬ್ರಾಡ್‌ವೇಯ 283ನೇ ನಂಬರಿನ ಸಣ್ಣ ಮಳಿಗೆಯಲ್ಲಿ ವ್ಯಾಪಾರ ಆರಂಭಿಸಿದ.

ಆಗ ಲೇಸು ಎಂದರೆ ಈಗಿನಂತೆ ಗಜಕ್ಕಿಷ್ಟು ರೂಪಾಯಿ ಎಂದು ಕತ್ತರಿಸಿ ಕೊಡುವ ವಸ್ತುವಾಗಿರಲಿಲ್ಲ. ಉತ್ತಮ ಲೇಸನ್ನು ಸೂಜಿಯಿಂದಲೋ, ದಿಂಬಿನ ಮೇಲೆ ಹತ್ತಾರು ಪುಟ್ಟ ಕದಿರುಗಳನ್ನು ಹೆಣೆದೋ ಮಾಡಬೇಕಿತ್ತು. ಅಂಗೈ ಅಗಲದ ಒಂದು ತುಂಡಿಗೆ ದಿನಗಟ್ಟಲೆ ಕಣ್ಣು ಸೋಲಿಸಿಕೊಳ್ಳಬೇಕಿತ್ತು. ಬ್ರಸೆಲ್ಸ್, ಅಲಾಂಸೋಂ, ಹಾನಿಟನ್ ಹೀಗೆ ಊರಿನ ಹೆಸರಿನಿಂದಲೇ ಲೇಸನ್ನು ಗುರುತಿಸುತ್ತಿದ್ದರು. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಗೆ ಹಾನಿಟನ್ ಲೇಸನ್ನೇ ತೊಟ್ಟದ್ದು ದೊಡ್ಡ ಸುದ್ದಿಯಾಗಿತ್ತು. ಉಡುಪು ಹಳತಾದರೂ ಅದರ ಲೇಸನ್ನು ಜೋಪಾನವಾಗಿ ಬಿಚ್ಚಿ ಹೊಸ ಉಡುಪಿಗೆ ಹೊಲಿಯುತ್ತಿದ್ದರು. ತಾಯಿಯ ಲೇಸು ಮಗಳಿಗೆ ಬರುತ್ತಿತ್ತು. ನಮ್ಮಲ್ಲಿ ಜರಿಯಂಚನ್ನು ಬಿಚ್ಚಿಟ್ಟುಕೊಳ್ಳುವ ಅಜ್ಜಿಯಂದಿರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾದೀತು. ಬಟ್ಟೆ ಎನ್ನುವುದಕ್ಕಿಂತ ಅದನ್ನು ಒಡವೆಯ ಜಾತಿಗೆ ಸೇರಿಸುತ್ತಿದ್ದರು. ಮುಂದಿನ ಕತೆಗೆ ಈ ಮಾತು ನೆನಪಿರಲಿ.

ಅಷ್ಟರಲ್ಲೇ ಯಂತ್ರವೂ ಬಂದಿತ್ತು. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1808-09ರ ಹೊತ್ತಿಗೆ ಲೇಸಿನ ಬಲೆ ನೇಯುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. 1816ರಲ್ಲಿ ಲಫ್‌ಬರೋದ ಅವನ ಕಾರ್ಖಾನೆಗೆ ರಾತ್ರಿ ನುಗ್ಗಿ ಯಂತ್ರಗಳನ್ನು ಒಡೆದು ಹಾಕಿದರು. ಆತ ದೂರದ ಟಿವರ್ಟನ್‌ಗೆ ಹೋಗಿ ಪುನಃ ಕಾರ್ಖಾನೆ ಕಟ್ಟಿದ. ಆ ಮೇಲೆ ಸಾಮಾನ್ಯ ಲೇಸಿನ ಬೆಲೆ ಇಳಿಯುತ್ತಲೇ ಹೋಯಿತು. ಕೈಲೇಸು ಮಾತ್ರ ಸಿರಿವಂತರ ಗುರುತಾಗಿ ಉಳಿಯಿತು.

ಸ್ಟೀವರ್ಟನ ವಿಷಯಕ್ಕೆ ಬರೋಣ. ಅವನು ಬದುಕಿದ್ದಾಗಲೇ ಬರೆದ ಜೀವನಚಿತ್ರಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಅಂಗಡಿ ಇನ್ನೂ ಚಿಕ್ಕದಿದ್ದ ಕಾಲ. ಒಂದು ಸಾಲಪತ್ರದ ವಾಯಿದೆ ಹತ್ತಿರ ಬಂತು. ಕೈಯಲ್ಲಿ ಹಣವಿಲ್ಲ, ಇರುವುದೆಲ್ಲ ಸರಕು. ಇನ್ನೊಬ್ಬನಾದರೆ ಮತ್ತೊಂದು ಸಾಲಕ್ಕೆ ಓಡುತ್ತಿದ್ದ. ಈತ ಮಳಿಗೆಯ ಪ್ರತಿಯೊಂದು ವಸ್ತುವಿಗೂ ಸಗಟು ದರಕ್ಕಿಂತ ಕಡಿಮೆ ಬೆಲೆ ನಮೂದಿಸಿ, ಊರಿಡೀ ಕರಪತ್ರ ಹಂಚಿಸಿದ. ಜನ ಮೊದಲು ಸಂಶಯದಿಂದಲೇ ಬಂದರು. ನೋಡಿದರೆ ಬೆಲೆ ನಿಜವಾಗಿಯೂ ಕಡಿಮೆ. ಸುದ್ದಿ ಮನೆಯಿಂದ ಮನೆಗೆ ಹರಡಿತು, ಸರಕು ಖಾಲಿಯಾಯಿತು, ಸಾಲ ತೀರಿತು. ಇನ್ನು ಮುಂದೆ ನಗದಿಗಲ್ಲದೆ ಕೊಳ್ಳುವುದಿಲ್ಲವೆಂದು ಅವನು ಅಂದೇ ನಿಶ್ಚಯಿಸಿದನಂತೆ.

ಕ್ಲಿಯರೆನ್ಸ್ ಸೇಲಿನ ಗುಟ್ಟು ಇದರಲ್ಲೇ ಇದೆ. ಕಪಾಟಿನಲ್ಲಿ ಮಲಗಿರುವ ಬಟ್ಟೆ ದಿನೇ ದಿನೇ ಬೆಲೆ ಕಳೆದುಕೊಳ್ಳುತ್ತದೆ. ಮಡಿಕೆಯ ಗೆರೆ ಬೀಳುತ್ತದೆ, ಬಣ್ಣ ಮಾಸುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಫ್ಯಾಶನ್ ಬದಲಾಗುತ್ತದೆ. ಅದನ್ನು ನಷ್ಟಕ್ಕಾದರೂ ಮಾರಿ ನಗದು ಮಾಡಿಕೊಂಡವನು, ಆ ನಗದಿನಿಂದ ಇನ್ನೊಬ್ಬನ ಸಂಕಟದ ಸರಕನ್ನು ಅಗ್ಗಕ್ಕೆ ಕೊಳ್ಳಬಲ್ಲ. 1837ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದು ವ್ಯಾಪಾರಿಗಳು ದಿವಾಳಿಯಾದಾಗ ಸ್ಟೀವರ್ಟ್ ಮಾಡಿದ್ದು ಇದನ್ನೇ. ಕಡಿಮೆ ಲಾಭಕ್ಕೆ ಮಾರಿ ಕೂಡಿಸಿದ ನಗದನ್ನು ಹಿಡಿದುಕೊಂಡು ಹರಾಜುಗಳಿಗೆ ಹೋದ. ಒಬ್ಬರ ಕ್ಲಿಯರೆನ್ಸ್ ಇನ್ನೊಬ್ಬರ ಬಂಡವಾಳ.

ಆತನ ಬಗ್ಗೆ ಒಳ್ಳೆಯ ಮಾತನ್ನೂ ಹೇಳಬೇಕು. ಚೌಕಾಸಿಯೇ ವ್ಯಾಪಾರ ಎನಿಸಿದ್ದ ಕಾಲದಲ್ಲಿ ಎಲ್ಲರಿಗೂ ಒಂದೇ ಬೆಲೆ ಎಂಬ ಪದ್ಧತಿ ಹಿಡಿದ. ಬಣ್ಣ ಬಿಡುವ ಚೀಟಿ ಬಟ್ಟೆಯನ್ನು "ಬಣ್ಣ ಹೋಗುವುದಿಲ್ಲ" ಎಂದು ಹೆಂಗಸೊಬ್ಬಳಿಗೆ ನಂಬಿಸುತ್ತಿದ್ದ ಗುಮಾಸ್ತನನ್ನು ಅವನು ತರಾಟೆಗೆ ತೆಗೆದುಕೊಂಡ ಕತೆಯೂ ಪ್ರಚಲಿತವಿದೆ. ಏನೂ ಗೊತ್ತಿಲ್ಲದ ಮಗು ಬಂದರೂ ಮೋಸವಾಗದ ಅಂಗಡಿ ಎಂಬ ಹೆಸರು ಹೆಂಗಸರನ್ನು ಸೆಳೆಯಿತು. 1846ರಲ್ಲಿ ಅವನ ಅಮೃತಶಿಲೆಯ ಅರಮನೆಯಂತಹ ಮಳಿಗೆ ತೆರೆಯಿತು. 1862ರಲ್ಲಿ ಬ್ರಾಡ್‌ವೇಯ ಒಂಬತ್ತು ಮತ್ತು ಹತ್ತನೇ ರಸ್ತೆಗಳ ಮಧ್ಯೆ ಎರಕದ ಕಬ್ಬಿಣದ ಇನ್ನೂ ದೊಡ್ಡ ಮಳಿಗೆ ಎದ್ದಿತು. ಅಲ್ಲಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ವಾಷಿಂಗ್ಟನ್ನಿನ ಒಬ್ಬಾಕೆಯ ಲೆಕ್ಕದ ಪುಸ್ತಕ ಮಾತ್ರ ಉದ್ದವಾಗುತ್ತಲೇ ಇತ್ತು. ಆಕೆ ಮೇರಿ ಟಾಡ್ ಲಿಂಕನ್, ಅಧ್ಯಕ್ಷ ಅಬ್ರಹಾಂ ಲಿಂಕನ್‌ನ ಪತ್ನಿ.

ಗಂಡನಿಗೆ ತಿಳಿಯದ ಸಾಲ

ಗುಲಾಮಗಿರಿಯನ್ನು ಕೊನೆಗಾಣಿಸಿದ ಲಿಂಕನ್ ನಮ್ಮ ಮಕ್ಕಳಿಗೂ ಪರಿಚಿತ. ಆದರೆ ಅವನ ಹೆಂಡತಿಯ ಹೆಸರು ಕೇಳಿದರೆ ತರಗತಿ ನಿಶ್ಶಬ್ದವಾಗುತ್ತದೆ. ಕೆಂಟಕಿಯ ಶ್ರೀಮಂತ ಮನೆಯಲ್ಲಿ 1818ರಲ್ಲಿ ಹುಟ್ಟಿದ ಮೇರಿ, 1842ರಲ್ಲಿ ಲಿಂಕನ್‌ನನ್ನು ಮದುವೆಯಾದಳು. 1861ರಲ್ಲಿ ಶ್ವೇತಭವನಕ್ಕೆ ಬಂದಾಗ ರಾಜಧಾನಿಯ ಹೆಂಗಸರು ಆಕೆಯನ್ನು ಹಳ್ಳಿಯಿಂದ ಬಂದವಳೆಂಬಂತೆ ಅಳೆದರು. ತಾನು ತೊಡುವ ಪ್ರತಿಯೊಂದನ್ನೂ ಜನ ಪರೀಕ್ಷಿಸುತ್ತಾರೆ, ಆದುದರಿಂದ ಉತ್ತಮವಾದುದನ್ನೇ ತೊಡಬೇಕು ಎಂಬುದು ಆಕೆಯ ವಾದ. ಈ ವಾದ ನಮ್ಮ ಮದುವೆ ಮನೆಗಳಲ್ಲೂ ಕೇಳಿಬರುತ್ತದೆಯಲ್ಲವೇ?

ಶ್ವೇತಭವನವನ್ನು ಸಜ್ಜುಗೊಳಿಸಲು ಸಂಸತ್ತು ಕೊಟ್ಟ 20,000 ಡಾಲರನ್ನು ಮೀರಿ ಆಕೆ ಖರ್ಚು ಮಾಡಿದಳು. ಯುದ್ಧದಲ್ಲಿ ಸೈನಿಕರಿಗೆ ಕಂಬಳಿಯಿಲ್ಲದಿರುವಾಗ ಈ ಆಡಂಬರಕ್ಕೆ ಹಣ ಕೇಳಲು ನಾಚಿಕೆಯಾಗುತ್ತದೆಂದು ಲಿಂಕನ್ ಸಿಟ್ಟಾದ. 1862ರ ಫೆಬ್ರವರಿಯಲ್ಲಿ ಮಗ ವಿಲ್ಲಿ ಜ್ವರದಿಂದ ತೀರಿಕೊಂಡ. ಆ ದುಃಖದ ನಂತರ ಖರೀದಿ ಕಡಿಮೆಯಾಗಲಿಲ್ಲ, ಶೋಕದ ಕಪ್ಪು ಬಟ್ಟೆ, ಕಪ್ಪು ಲೇಸುಗಳೂ ಸೇರಿ ಹೆಚ್ಚಿತು. ದುಃಖಕ್ಕೆ ಅಂಗಡಿ ಮದ್ದಲ್ಲ ಎಂದು ಹೊರಗಿನವರು ಹೇಳುವುದು ಸುಲಭ.

ಅಂಗಡಿಯವರೇಕೆ ಅಷ್ಟು ಸಾಲ ಕೊಟ್ಟರು? ಅಧ್ಯಕ್ಷನ ಪತ್ನಿ ತೊಟ್ಟ ಶಾಲು ಅವರಿಗೆ ಪುಕ್ಕಟೆ ಜಾಹೀರಾತು. ಮೇಲಾಗಿ ಅವಳ ಗಂಡ ಅಧಿಕಾರದಲ್ಲಿದ್ದಾನೆ. ಹಣ ಕೊಡಲು ಇನ್ನಷ್ಟು ತಾಳ್ಮೆ ತೋರಬೇಕೆಂದು 1864ರಲ್ಲಿ ಆಕೆ ಸ್ಟೀವರ್ಟನಿಗೆ ಬರೆದ ಪತ್ರ ಉಳಿದಿದೆ. ಅದೇ ವರ್ಷ ಲಿಂಕನ್ ಎರಡನೇ ಬಾರಿ ಚುನಾವಣೆಗೆ ನಿಂತಾಗ ಮೇರಿ ತನ್ನ ಹೊಲಿಗೆಯಾಕೆಯಲ್ಲಿ ಗುಟ್ಟೊಂದನ್ನು ಹೇಳಿದಳು: ಸುಮಾರು 27,000 ಡಾಲರ್ ಸಾಲವಿದೆ, ಬಹುಪಾಲು ಸ್ಟೀವರ್ಟನ ಅಂಗಡಿಯಲ್ಲೇ. ಗಂಡನಿಗೆ ಗೊತ್ತಿಲ್ಲ. ಗೆದ್ದರೆ ಮುಚ್ಚಿಟ್ಟುಕೊಳ್ಳಬಹುದು, ಸೋತರೆ ಬಿಲ್ಲುಗಳೆಲ್ಲ ಮನೆಗೆ ಬರುತ್ತವೆ. ಅಧ್ಯಕ್ಷನ ಆಗಿನ ಸಂಬಳ ವರ್ಷಕ್ಕೆ 25,000 ಡಾಲರ್ ಎಂಬುದನ್ನು ಗಮನಿಸಿ. ಒಂದು ವರ್ಷದ ಪೂರ್ತಿ ಸಂಬಳಕ್ಕಿಂತ ಹೆಚ್ಚಿನ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಆಕೆ ಔತಣಕೂಟಗಳಲ್ಲಿ ನಗುತ್ತಿದ್ದಳು.

ಲಿಂಕನ್ ಗೆದ್ದ. ಐದೇ ತಿಂಗಳಲ್ಲಿ, 1865ರ ಏಪ್ರಿಲ್ 14ರ ರಾತ್ರಿ, ಪತ್ನಿಯ ಪಕ್ಕದಲ್ಲಿ ಕುಳಿತು ನಾಟಕ ನೋಡುತ್ತಿದ್ದಾಗ ಗುಂಡೇಟು ತಿಂದು, ಮರುದಿನ ಬೆಳಿಗ್ಗೆ ಪ್ರಾಣಬಿಟ್ಟ.

ಸೂಜಿಯಿಂದ ಬಿಡುಗಡೆ ಪಡೆದವಳು

ಗುಟ್ಟು ಕೇಳಿದ ಹೊಲಿಗೆಯಾಕೆ ಯಾರೆಂದು ಹೇಳದಿದ್ದರೆ ಈ ಕತೆ ಅರ್ಧವೇ ಆದೀತು. ಎಲಿಜಬೆತ್ ಕೆಕ್ಲಿ ಹುಟ್ಟಿದ್ದೂ 1818ರಲ್ಲಿ, ಆದರೆ ವರ್ಜೀನಿಯಾದಲ್ಲಿ ಗುಲಾಮಳಾಗಿ. ಒಡೆಯನ ಮನೆಯವರಿಗೆ ಅನ್ನಕ್ಕೆ ಕಷ್ಟವಾದಾಗ ಆಕೆಯ ಹೊಲಿಗೆಯ ದುಡಿಮೆಯೇ ಎರಡು ವರ್ಷ ಐದು ತಿಂಗಳು 17 ಜನರ ಹೊಟ್ಟೆ ತುಂಬಿಸಿತು. 1855ರಲ್ಲಿ, ಸೇಂಟ್ ಲೂಯಿಸ್‌ನ ಗಿರಾಕಿಗಳಿಂದ ಸಾಲ ಪಡೆದು 1,200 ಡಾಲರ್ ಕೊಟ್ಟು ತನ್ನನ್ನೂ ತನ್ನ ಮಗನನ್ನೂ ಬಿಡಿಸಿಕೊಂಡಳು. ಆ ಸಾಲವನ್ನು ಹೊಲಿದು ಹೊಲಿದೇ ತೀರಿಸಿದಳು. ಮೇರಿಯ ಸಾಲವನ್ನೂ ಈ ಸಾಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆನಿಸುತ್ತದೆ.

1860ರಲ್ಲಿ ವಾಷಿಂಗ್ಟನ್ನಿಗೆ ಬಂದ ಆಕೆಗೆ ಸೇನಾಧಿಕಾರಿಯೊಬ್ಬರ ಪತ್ನಿಯ ಉಡುಪು ಹೊಲಿಯುವ ಕೆಲಸ ಸಿಕ್ಕಿತು. ಲೇಸು ಮುಂತಾದ ಅಲಂಕಾರಕ್ಕೆಂದು ಆ ಅಧಿಕಾರಿ 100 ಡಾಲರ್ ಕೈಗಿತ್ತ. ಡ್ರೈ ಗೂಡ್ಸ್ ಅಂಗಡಿಯವನು, ಅಪರಿಚಿತಳಾದ ಕಪ್ಪು ಹೆಂಗಸಿನ ಕೈಯಲ್ಲಿ, ಮನೆಯಾಕೆಗೆ ತೋರಿಸಿ ಬಾ ಎಂದು ಬೆಲೆಬಾಳುವ ಲೇಸನ್ನು ನಂಬಿ ಕಳಿಸಿದ್ದಲ್ಲದೆ, ಖರೀದಿಯ ಮೇಲೆ 25 ಡಾಲರ್ ಕಮಿಷನನ್ನೂ ಕೊಟ್ಟ. ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ ನಗರದಲ್ಲಿ ನಡೆದ ಮಾತಿದು. ಮರುವರ್ಷ ಆಕೆ ಮೇರಿಯ ಹೊಲಿಗೆಯಾಕೆಯಾದಳು, ಬರಬರುತ್ತಾ ಆಪ್ತಳೂ ಆದಳು. ವಿಲ್ಲಿ ಸಾಯುವ ಆರು ತಿಂಗಳ ಮುಂಚೆ ಎಲಿಜಬೆತ್‌ಳ ಒಬ್ಬನೇ ಮಗ ಯುದ್ಧದಲ್ಲಿ ಸತ್ತಿದ್ದ. ಮಗ ಸತ್ತ ಇಬ್ಬರು ತಾಯಂದಿರು ಒಂದೇ ಕೋಣೆಯಲ್ಲಿ ಬಟ್ಟೆಯ ಅಳತೆ ನೋಡುತ್ತಿದ್ದರು.

609, ಬ್ರಾಡ್‌ವೇ

ಗಂಡನನ್ನು ಕಳೆದುಕೊಂಡ ಮೇರಿ ಕೊನೆಯವರೆಗೂ ಕಪ್ಪು ಬಟ್ಟೆಯನ್ನೇ ಉಟ್ಟಳು. ಬಣ್ಣದ ಉಡುಪುಗಳು, ಬಿಳಿ ಲೇಸುಗಳು ಟ್ರಂಕುಗಳಲ್ಲಿ ಹಾಗೆಯೇ ಉಳಿದವು. ಗಂಡನ ಆಸ್ತಿಯ ಲೆಕ್ಕ ಎರಡೂವರೆ ವರ್ಷವಾದರೂ ಮುಗಿದಿರಲಿಲ್ಲ. ಅಲ್ಲಿಯವರೆಗೆ ಕೈಗೆ ಬರುತ್ತಿದ್ದ ವಾರ್ಷಿಕ ಆದಾಯ ಎರಡು ಸಾವಿರ ಡಾಲರಿಗೂ ಕಡಿಮೆ. ತೊಡುವಂತಿಲ್ಲದ ಬಟ್ಟೆಯನ್ನು ಮಾರಿದರೆ ತಪ್ಪೇನು? ಲೇಸು ಒಡವೆಯಂತೆ ಎಂದು ತಿಳಿದು ಬೆಳೆದವಳು ಹೀಗೆ ಯೋಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

1867ರ ಸೆಪ್ಟೆಂಬರಿನಲ್ಲಿ ಮುಖಪರದೆ ಹಾಕಿಕೊಂಡು, "ಮಿಸೆಸ್ ಕ್ಲಾರ್ಕ್" ಎಂಬ ಸುಳ್ಳು ಹೆಸರಿನಲ್ಲಿ ಆಕೆ ನ್ಯೂಯಾರ್ಕಿಗೆ ಬಂದಳು. ಸಹಾಯಕ್ಕೆ ಎಲಿಜಬೆತ್‌ಳನ್ನು ಕರೆಸಿಕೊಂಡಳು. ಇಳಿದುಕೊಂಡ ಸೇಂಟ್ ಡೆನಿಸ್ ಹೋಟೆಲು ಬ್ರಾಡ್‌ವೇಯ ಹನ್ನೊಂದನೇ ರಸ್ತೆಯಲ್ಲಿ, ಅಂದರೆ ಸ್ಟೀವರ್ಟನ ಅಂಗಡಿಗೆ ಕೂಗಳತೆಯ ದೂರದಲ್ಲಿ. ಕಪ್ಪು ಹೆಂಗಸಿಗೆ ಕೆಳಗಿನ ಮಹಡಿಗಳಲ್ಲಿ ಕೋಣೆಯಿಲ್ಲವೆಂದು ಹೋಟೆಲಿನವರು ಹೇಳಿದಾಗ, ಅಧ್ಯಕ್ಷನ ವಿಧವೆಯೂ ಅವಳೊಂದಿಗೆ ಮೇಲಿನ ಅಟ್ಟದ ಇಕ್ಕಟ್ಟು ಕೋಣೆಗೇ ಹೋದಳು. ಊಟದ ಕೋಣೆಗೆ ಎಲಿಜಬೆತ್‌ಳನ್ನು ಬಿಡಲಿಲ್ಲ. ಆ ರಾತ್ರಿ ಆಕೆ ಹಸಿದೇ ಮಲಗಿದಳು. ಮೇರಿಯ ದೋಷಗಳನ್ನು ಪಟ್ಟಿ ಮಾಡುವವರು ಅಟ್ಟದ ಕೋಣೆಯ ಈ ಸಂಗತಿಯನ್ನೂ ಬರೆಯಬೇಕು.

ಬ್ರಾಡ್‌ವೇಯ 609ರಲ್ಲಿದ್ದ ದಲ್ಲಾಳಿಗಳ ಬಳಿ ಉಂಗುರ ತೋರಿಸುವಾಗ ಅದರೊಳಗೆ ಕೆತ್ತಿದ್ದ ಹೆಸರಿನಿಂದ ಗುಟ್ಟು ಬಯಲಾಯಿತು. ತಮ್ಮ ಕೈಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಒಂದು ಲಕ್ಷ ಡಾಲರ್ ಮಾಡಿಕೊಡುತ್ತೇವೆಂದು ದಲ್ಲಾಳಿಗಳು ಆಸೆ ಹುಟ್ಟಿಸಿದರು. ತನ್ನ ಕಷ್ಟವನ್ನು ವಿವರಿಸಿ ಆಕೆಯಿಂದ ಪತ್ರಗಳನ್ನು ಬರೆಸಿಕೊಂಡರು. ಅವನ್ನು ಲಿಂಕನ್‌ನ ಪಕ್ಷದ ದೊಡ್ಡ ಮನುಷ್ಯರಿಗೆ ತೋರಿಸಿದರೆ ಮರ್ಯಾದೆಗೆ ಅಂಜಿ ಹಣ ಕೊಡುತ್ತಾರೆಂಬ ಲೆಕ್ಕ. ಯಾರೂ ಕೊಡಲಿಲ್ಲ. ಆಗ ಪತ್ರಗಳು ವಿರೋಧಿ ಪಕ್ಷದ "ನ್ಯೂಯಾರ್ಕ್ ವರ್ಲ್ಡ್" ಪತ್ರಿಕೆಯಲ್ಲಿ ಅಚ್ಚಾದವು. ಮಾರಾಟಕ್ಕಿರುವ ವಸ್ತುಗಳ ಪಟ್ಟಿಯೂ ಬಂತು.

ಲೇಸಿನ ಶಾಲು, ಲೇಸಿನ ಉಡುಪು, ರೇಷ್ಮೆಯ ಗೌನುಗಳು, ತುಪ್ಪಳದ ಹೊದಿಕೆ, "ಒಂಟೆಕೂದಲಿನ ಶಾಲು"ಗಳು ಬ್ರಾಡ್‌ವೇಯ ಆ ಅಂಗಡಿಯಲ್ಲಿ ಹರವಿಕೊಂಡವು. (ಕಾಶ್ಮೀರದ ಶಾಲುಗಳನ್ನು ಆಗ ಅಮೆರಿಕದವರು ಕರೆಯುತ್ತಿದ್ದುದು ಈ ಹೆಸರಿನಿಂದ. ಅದನ್ನು ನೇಯ್ದ ಶ್ರೀನಗರದ ನೇಕಾರನಿಗೆ ತನ್ನ ಕೈಕೆಲಸ ಎಲ್ಲಿ ಬಂದು ನೇತಾಡುತ್ತಿದೆಯೆಂದು ತಿಳಿಯುವ ಸಂಭವವಿರಲಿಲ್ಲ.) ಜನ ಮುಗಿಬಿದ್ದರು. ಮುಟ್ಟಿದರು, ಎತ್ತಿ ನೋಡಿದರು, ತೋಳ ಕೆಳಗಿನ ಬೆವರಿನ ಕಲೆ ಹುಡುಕಿದರು, ಅಂಚು ಸವೆದಿದೆಯೆಂದರು. ಆ ಕಲೆಗಳ ವಿವರ ಪತ್ರಿಕೆಗಳಲ್ಲೂ ಬಂತು. ಕೊಂಡವರು ಬೆರಳೆಣಿಕೆಯ ಮಂದಿ.

ಅಂಗಡಿಯ ಸೇಲಿಗೂ ಇದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದೆ. ಸ್ಟೀವರ್ಟ್ ಸಗಟು ಬೆಲೆಗಿಂತ ಕೆಳಗೆ ಮಾರಿದಾಗ "ನಿನಗೇಕೆ ಈ ಗತಿ ಬಂತು" ಎಂದು ಯಾರೂ ಕೇಳಲಿಲ್ಲ. ಅಗ್ಗಕ್ಕೆ ಸಿಕ್ಕಿದ್ದೇ ಅವರಿಗೆ ಸಾಕಾಗಿತ್ತು. ಮೇರಿಯ ಮುಂದೆ ಜನ ಬೆಲೆ ಕೇಳುವ ಮೊದಲು ಕಾರಣ ಕೇಳಿದರು. ದಲ್ಲಾಳಿಗಳು ಮಾಡಿದ ದೊಡ್ಡ ಅನ್ಯಾಯವೂ ಇದೇ. ಅವರು ಲೇಸನ್ನು ಮಾರಲಿಲ್ಲ, ಆಕೆಯ ಹೆಸರನ್ನು ಮಾರಲು ಹೋದರು. ಸದ್ದಿಲ್ಲದೆ ಒಂದೊಂದಾಗಿ ಮಾರಿದ್ದರೆ ಎಷ್ಟೋ ಗೌರವದಿಂದ ಸ್ವಲ್ಪ ಹಣವಾದರೂ ಸಿಗುತ್ತಿತ್ತು. ಉಪಯೋಗಿಸಿದ ಉಡುಪಿಗೆ ಕೊಂಡ ಬೆಲೆ ಮರಳಿ ಬರುತ್ತದೆಂಬ ಮೇರಿಯ ನಂಬಿಕೆಯೂ ಹುಸಿಯಾಯಿತು. ಅಂಗಡಿಯ ಹೊಸ್ತಿಲು ದಾಟಿದ ಕ್ಷಣದಿಂದಲೇ ಬಟ್ಟೆ ಹಳತು.

ದೊಡ್ಡ ಮಗ ರಾಬರ್ಟ್ ನಾಚಿಕೆಯಿಂದ ಕುಗ್ಗಿ, ಹಣದ ವಿಷಯದಲ್ಲಿ ತಾಯಿಯ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ತನ್ನ ಭಾವಿ ಪತ್ನಿಗೆ ಬರೆದ. ಸಹಾಯಕ್ಕೆ ಬಂದವರು, ಹಿಂದೆ ತಾನೇ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಸ್‌ನಂತಹ ಕಪ್ಪು ಮುಖಂಡರು. ಭಾಷಣ ಮಾಡಿ ಹಣ ಕೂಡಿಸಿ ಕೊಡುತ್ತೇವೆಂದರು. ಮೇರಿ ಮೊದಲು ಅದನ್ನೂ ಬೇಡವೆಂದಳು. 1868ರ ಆರಂಭದಲ್ಲಿ ಮಾರಾಟವಾಗದ ಬಟ್ಟೆಗಳು ಟ್ರಂಕಿನಲ್ಲಿ ಹಿಂದಿರುಗಿದವು. ಜೊತೆಗೆ ದಲ್ಲಾಳಿಗಳ ಖರ್ಚಿನ ಬಿಲ್ಲು, 800 ಡಾಲರಿಗೂ ಹೆಚ್ಚು. ವಿಪರ್ಯಾಸವೆಂದರೆ 1867ರ ನವೆಂಬರಿನಲ್ಲೇ, ಅಂದರೆ ಈ ಗಲಾಟೆ ಇನ್ನೂ ತಣಿಯುವ ಮೊದಲೇ, ಲಿಂಕನ್‌ನ ಆಸ್ತಿ ಹಂಚಿಕೆಯಾಗಿ ಆಕೆಯ ಪಾಲಿಗೆ 36,000 ಡಾಲರಿಗೂ ಮಿಕ್ಕಿದ ಮೊತ್ತ ಬಂದಿತ್ತು. ಆಸ್ತಿಯ ಲೆಕ್ಕ ಮುಗಿಯುವವರೆಗೆ ವಿಧವೆಯ ಮನೆ ಹೇಗೆ ನಡೆಯಬೇಕೆಂದು ಯಾರೂ ಯೋಚಿಸಿರಲಿಲ್ಲ. ಸಂಸತ್ತು ವರ್ಷಕ್ಕೆ 3,000 ಡಾಲರ್ ಪಿಂಚಣಿ ಮಂಜೂರು ಮಾಡಿದ್ದು 1870ರಲ್ಲಿ.

1875ರಲ್ಲಿ ಷಿಕಾಗೋದ ನ್ಯಾಯಾಲಯದಲ್ಲಿ ಮಗನೇ ತಾಯಿಯ ಬುದ್ಧಿಭ್ರಮಣೆಯ ದಾವೆ ಹೂಡಿದಾಗ ಸಾಕ್ಷಿ ಹೇಳಲು ಅಂಗಡಿಗಳ ಗುಮಾಸ್ತರೂ ಬಂದರು. ನೇತುಹಾಕಲು ಸ್ವಂತ ಮನೆಯಿಲ್ಲದವಳು 600 ಡಾಲರಿನ ಲೇಸಿನ ಪರದೆಗಳನ್ನು ಕೊಂಡಿದ್ದಾಳೆಂಬುದು ಆಕೆಯ ವಿರುದ್ಧದ ಪುರಾವೆಗಳಲ್ಲಿ ಒಂದು. ಮಾರಿದ ಅಂಗಡಿಯವರ ಬುದ್ಧಿಯನ್ನು ಯಾರೂ ಪರೀಕ್ಷಿಸಲಿಲ್ಲ. ಆಕೆಯನ್ನು ಆಸ್ಪತ್ರೆಗೆ ಸೇರಿಸಿದರು. ಮರುವರ್ಷ ಇನ್ನೊಂದು ಜ್ಯೂರಿ ಆಕೆಯ ಬುದ್ಧಿ ಸರಿಯಿದೆಯೆಂದಿತು. 1882ರಲ್ಲಿ ಅಕ್ಕನ ಮನೆಯಲ್ಲಿ, ಹತ್ತಾರು ಟ್ರಂಕುಗಳ ನಡುವೆ ಆಕೆ ತೀರಿಕೊಂಡಳು.

ಎಲಿಜಬೆತ್ ಆ ಮಾರಾಟಕ್ಕಾಗಿ ವಾಷಿಂಗ್ಟನ್ನಿನ ತನ್ನ ಹೊಲಿಗೆ ಅಂಗಡಿಯನ್ನು ಬಿಟ್ಟು ಬಂದಿದ್ದಳು. ನ್ಯೂಯಾರ್ಕಿನಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಾದಳು, ಹೊಟ್ಟೆಪಾಡಿಗೆ ಅಲ್ಲಿಯೂ ಹೊಲಿದಳು. ಮೇರಿಯ ಮೇಲಿನ ಅಪವಾದ ಹೋಗಲೆಂದು 1868ರಲ್ಲಿ ತನ್ನ ಬದುಕಿನ ಕತೆಯನ್ನು ಪುಸ್ತಕವಾಗಿ ಪ್ರಕಟಿಸಿದಳು. ಅದರಲ್ಲಿ ಮೇರಿಯ ಖಾಸಗಿ ಪತ್ರಗಳೂ ಅಚ್ಚಾದ್ದರಿಂದ ಸ್ನೇಹ ಮುರಿಯಿತು. ಬಿಳಿಯ ಗಿರಾಕಿಗಳೂ ದೂರವಾದರು. ಮನೆಯೊಡತಿಯ ಗುಟ್ಟನ್ನು ಹೊರಗೆ ಹಾಕಿದ್ದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಪತ್ರಿಕೆಗಳು ಅದಾಗಲೇ ಹರಾಜಿಗಿಟ್ಟಿದ್ದ ಬದುಕಿನ ಬಗ್ಗೆ ಆಕೆಯೊಬ್ಬಳನ್ನೇ ದೂರುವುದೂ ನ್ಯಾಯವಲ್ಲ. 1892ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಒಹಾಯೋದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುವ ವಿಭಾಗದ ಮುಖ್ಯಸ್ಥೆಯಾದಳು. 1907ರಲ್ಲಿ ವಾಷಿಂಗ್ಟನ್ನಿನ ನಿರ್ಗತಿಕರ ಆಶ್ರಮವೊಂದರಲ್ಲಿ ಕೊನೆಯುಸಿರೆಳೆದಳು.

1861-62ರ ಚಳಿಗಾಲದಲ್ಲಿ ಮೇರಿ ತೊಟ್ಟ ನೇರಳೆ ಮಖಮಲ್ಲಿನ ಉಡುಪೊಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಬಿಳಿ ಸ್ಯಾಟಿನ್ನಿನ ಸಣ್ಣ ಅಂಚು, ಮುತ್ತಿನ ಚಿಪ್ಪಿನ ಗುಂಡಿಗಳು. ಹೊಲಿದವಳು ಎಲಿಜಬೆತ್ ಎಂದು ನಂಬಲಾಗಿದೆ. ಕೊರಳಿನ ಲೇಸು ಮಾತ್ರ ಆ ಕಾಲದ್ದೇ ಆದರೂ, ಆ ಉಡುಪಿನದಲ್ಲ.